ಅರ್ಧ ಹುಲ್ಲು ಹಕ್ಕಿಗಳಿಗೆ

ನನ್ನ ಗಂಡ ಟ್ರ್ಯಾಕ್ಟರಿಗೆ ಅಡ್ಡ ನಿಂತ ಸುದ್ದಿ ಇಷ್ಟು ಹೊತ್ತಿಗೆ ನಿಮ್ಮ ಕಿವಿಗೂ ಬಿದ್ದಿರಬೇಕು. ಕ್ಯಾಲಿಫೋರ್ನಿಯಾದ ನಮ್ಮ ಬೇ ಏರಿಯಾದಲ್ಲಿ ಟ್ರಾಫಿಕ್ಕಿಗೆ ಸಿಕ್ಕಿಹಾಕಿಕೊಳ್ಳದೆ ಓಡಾಡುವುದು ಕನ್ನಡಿಗರ ಸುದ್ದಿ ಒಂದೇ.

ಆದರೆ ಯಾವ ಸುದ್ದಿ ಬಿದ್ದಿದೆಯೋ ಗೊತ್ತಿಲ್ಲ. ಸನ್ನಿವೇಲಿನ ದೇವಸ್ಥಾನದಲ್ಲಿ ಪ್ರಸಾದದ ಸಾಲಿನಲ್ಲಿ ನಿಂತಿದ್ದಾಗ ಒಬ್ಬರು ಕೇಳಿದರು, "ನಿಮ್ಮೆಜಮಾನ್ರು ಗೋಶಾಲೆ ಹುಲ್ಲಿಗೆ ಅಡ್ಡ ಹಾಕಿದ್ರಂತೆ? ಯಾಕ್ರೀ, ಹಸು ಕಂಡ್ರೆ ಆಗಲ್ವಾ ಅವ್ರಿಗೆ?" ಸ್ಯಾನ್ ರಮೋನಿನ ಗ್ರೋಸರಿಯಲ್ಲಿ ಸಿಕ್ಕ ಇನ್ನೊಬ್ಬರು ಬೆಂಡೆಕಾಯಿಯ ತುದಿ ಮುರಿಯುತ್ತಾ ದನಿ ತಗ್ಗಿಸಿದರು. "ಲೇಆಫ್ ಆಯ್ತಂತಲ್ಲಾ? ಅದಕ್ಕೇ ಬೇಜಾರಾಗಿ ಟ್ರ್ಯಾಕ್ಟರಿಗೆ ಅಡ್ಡ ಹೋದ್ರು ಅಂದ್ರು."

(ಲೇಆಫ್ ಆಗಿಲ್ಲ. ಬೇಜಾರು ಇದೆ. ಅದು ಮದುವೆಯಾದಾಗಿನಿಂದ ಇದೆ.)

ಆಗಸ್ಟಿನಲ್ಲಿ ನಡೆದ ಕತೆ ಇದು. ಇಷ್ಟು ದಿನ ಬಾಯಿ ಬಿಗಿಹಿಡಿದಿದ್ದೆ. ಮೊನ್ನೆ ಶನಿವಾರ ಬೆಳಗ್ಗೆ ನೋಡಿದ್ದನ್ನು ನೋಡಿದ ಮೇಲೆ ಸುಮ್ಮನಿರಲು ಆಗುತ್ತಿಲ್ಲ. ಹಾಗಾಗಿ ಮೊದಲಿನಿಂದ ಹೇಳಿಬಿಡುತ್ತೇನೆ.

ನನ್ನ ಕೆಲಸ ಹುಲ್ಲು. ಈ ಅಂಕಣದ ಹಳೆಯ ಓದುಗರಿಗೆ ಗೊತ್ತು, ಹೊಸಬರಿಗಾಗಿ ಇನ್ನೊಮ್ಮೆ. ಎಮರಿವಿಲ್ಲಿನ ಒಂದು ಅನಿಮೇಷನ್ ಸ್ಟುಡಿಯೋದಲ್ಲಿ ಕೂತು, ಕಂಪ್ಯೂಟರಿನೊಳಗೆ ಹುಲ್ಲು ಹುಟ್ಟಿಸಿ, ಅದರ ಮೇಲೆ ಗಾಳಿ ಬೀಸಿಸುವವಳು ನಾನು. ಪರದೆಯ ಮೇಲೆ ಮೊಲವೊಂದು ಓಡುತ್ತದೆ. ಎಲ್ಲರೂ ಮೊಲವನ್ನು ನೋಡುತ್ತಾರೆ. ಅದರ ಹಿಂದೆ ಬಾಗಿ ಏಳುವ ಹುಲ್ಲು ನನ್ನದು. ಮಂಡ್ಯದ ನನ್ನ ಅತ್ತೆ ಒಮ್ಮೆ ಫೋನಿನಲ್ಲಿ ಕೇಳಿದ್ದರು, "ಅಷ್ಟ್ ಓದ್ಬುಟ್ಟು ಹುಲ್ಲು ಕೀಳೋ ಕೆಲ್ಸವಾ ತಾಯಿ?" ಕೀಳುವುದಲ್ಲ ಅತ್ತೆ, ನೆಡುವುದು ಎಂದೆ. "ಎಲ್ಡೂ ಒಂದೇಯ ಬುಡು" ಎಂದರು.

ಪಕ್ಕದ ಡೆಸ್ಕು ಡೇಲ್‌ನದು. ನಾನು ನೆಟ್ಟ ಹುಲ್ಲಿಗೆ ಬೆಳಕು ಹಾಕುವವನು ಅವನು. ಬಿಳಿ ಗಡ್ಡ, ಕಡಿಮೆ ಮಾತು, ರಿಟೈರ್‌ಮೆಂಟಿನ ಅಂಚು. ಹೆಂಡತಿ ತೀರಿಕೊಂಡು ಕೆಲವು ವರ್ಷಗಳಾಗಿವೆ. ನಮ್ಮ ಆಫೀಸಿಗೆ ನಾಯಿಗಳನ್ನು ಕರೆತರಬಹುದು, ಹಾಗಾಗಿ ಅವನ ಕಾಲ ಬಳಿ ಯಾವಾಗಲೂ ಹೇಝಲ್ ಮಲಗಿರುತ್ತಾಳೆ. ಬಿಳಿ ಮೈಮೇಲೆ ಕಂದು ಮಚ್ಚೆ, ಉದ್ದ ಕಿವಿ, ನರೆತ ಮೂತಿ. ಮೀಟಿಂಗಿನಲ್ಲಿ ಯಾರಾದರೂ ಜಾಸ್ತಿ ಮಾತಾಡಿದರೆ ಮೇಜಿನ ಕೆಳಗಿಂದ ನಿಟ್ಟುಸಿರು ಬಿಡುತ್ತಾಳೆ. ನಮ್ಮೆಲ್ಲರ ಪರವಾಗಿ.

ಹೇಝಲ್ ಬೇಟೆ ನಾಯಿ ಎಂದು ನನಗೆ ಬಹಳ ತಡವಾಗಿ ಗೊತ್ತಾಯಿತು. ಹುಲ್ಲಿನಲ್ಲಿ ಅಡಗಿದ ಹಕ್ಕಿಯ ವಾಸನೆ ಹಿಡಿದರೆ ಅವಳು ಬೊಗಳುವುದಿಲ್ಲ, ಹಾರುವುದಿಲ್ಲ. ಒಂದು ಮುಂಗಾಲು ಎತ್ತಿ, ಮೂತಿ ಮುಂದೆ ಚಾಚಿ, ಶಿಲೆಯಾಗಿ ನಿಂತುಬಿಡುತ್ತಾಳಂತೆ. ಆಮೇಲೆ ಡೇಲ್ ಹೋಗಿ ಹಕ್ಕಿಯನ್ನು ಎಬ್ಬಿಸುತ್ತಾನೆ, ಗುಂಡು ಹೊಡೆಯುತ್ತಾನೆ. ಬಿದ್ದ ಹಕ್ಕಿಯನ್ನು ಅವಳು ಹುಡುಕಿ, ಹಲ್ಲು ತಾಗಿಸದೆ ಬಾಯಲ್ಲಿ ಹಿಡಿದು ತಂದುಕೊಡುತ್ತಾಳೆ. ಹಕ್ಕಿಯ ಹೆಸರು ಫೆಸೆಂಟ್. ನಮ್ಮ ಕಾಡುಕೋಳಿಯ ಶ್ರೀಮಂತ ನೆಂಟ ಎಂದುಕೊಳ್ಳಿ: ತಾಮ್ರದ ಮೈ, ಹಸಿರು ಕತ್ತು, ಉದ್ದನೆಯ ಬಾಲ.

ಇದನ್ನು ಕೇಳಿ ನಾನು ಅವನ ಜೊತೆ ಮಾತು ಬಿಟ್ಟೆ. ನಾನು ಮೈಸೂರಿನವಳು, ಮೊಟ್ಟೆಯನ್ನೂ ತಿನ್ನದವಳು. (ಕೇಕಿನೊಳಗಿನ ಮೊಟ್ಟೆ ಮೊಟ್ಟೆಯಲ್ಲ. ಇದನ್ನು ಹಿರಿಯರೇ ತೀರ್ಮಾನಿಸಿಯಾಗಿದೆ.) ಮನೆಗೆ ಬಂದು ಗಂಡನ ಮುಂದೆ ಕೂಗಾಡಿದೆ. ಮಹದೇವು ಚಿಕನ್ನಿಗೆ ಮಸಾಲೆ ಹಚ್ಚುತ್ತಿದ್ದವನು ತಿರುಗಿ ನೋಡಿದ.

"ಅಲ್ಲಾ ಕಣೇ, ಹೊಡ್ಕಂಡು ತಿಂದ್ರೆ ಪಾಪ, ಪ್ಲಾಸ್ಟಿಕ್ ಕವರ್‌ನಾಗೆ ತಂದು ತಿಂದ್ರೆ ಸಂಸಾರವಾ?"

ಸೋಮವಾರ ಡೇಲ್‌ಗೆ ಗುಡ್ ಮಾರ್ನಿಂಗ್ ಹೇಳಿದೆ.

ಆಮೇಲೆ ನಿಧಾನವಾಗಿ ತಿಳಿಯಿತು, ಬೇಟೆ ಎಂದರೆ ಅವನಿಗೆ ವರ್ಷಕ್ಕೆ ಕೆಲವೇ ಬೆಳಗುಗಳು, ನವೆಂಬರಿನಲ್ಲಿ. ಜಾಗವೂ ಒಂದೇ. ಅವನ ಅಕ್ಕ ಮಾರ್ಜ್ ಅವರದು. ನಮ್ಮ ಸ್ಯಾನ್ ರಮೋನಿನಿಂದ 680 ಫ್ರೀವೇಯಲ್ಲಿ ಉತ್ತರಕ್ಕೆ ಹೋಗಿ, ಬೆನಿಷಿಯಾ ಸೇತುವೆ ದಾಟಿ, ಗಾಳಿಯಂತ್ರಗಳು ತಿರುಗುವ ಗುಡ್ಡಗಳ ಬುಡದಲ್ಲಿ. ಹಿಂದೆ ಅಲ್ಲಿ ಗೋಧಿ ಬೆಳೆಯುತ್ತಿದ್ದರಂತೆ. ಈಗ ಉಳುವುದಿಲ್ಲ, ಬಿತ್ತುವುದಿಲ್ಲ, ಕುಯ್ಯುವುದೂ ಇಲ್ಲ. ಹುಲ್ಲು ಬೆಳೆಯಲಿ, ಹಕ್ಕಿ ಬದುಕಲಿ ಎಂದು ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡು ಬಿಟ್ಟ ನೆಲ. ಬರಗಾಲ ಬಿದ್ದರೆ ಮಾತ್ರ, ಮರಿಗಳು ಬಲಿತ ಮೇಲೆ, ದನಗಳ ಮೇವಿಗಾಗಿ ಕುಯ್ಯಲು ಅನುಮತಿ ಸಿಗುತ್ತದೆ. ಅದೂ ಅರ್ಧ. ಉಳಿದರ್ಧ ಹಕ್ಕಿಗಳಿಗೆ.

ಈ ವರ್ಷ ಬರ ಬಿತ್ತು. ನಿಮಗೇನು ಹೇಳಬೇಕು? ನಿಮ್ಮ ಲಾನುಗಳೂ ನಮ್ಮದರ ಹಾಗೆ ತೆಂಗಿನ ನಾರಾಗಿದ್ದವು. ಚಳಿಗಾಲದಲ್ಲಿ ಹಸಿರಾಗಬೇಕಿದ್ದ ಗುಡ್ಡಗಳು ಕಂದಾಗಿಯೇ ಉಳಿದವು. ನಮ್ಮ ಗೋಶಾಲೆಗೆ ಹುಲ್ಲು ಕೊಡುತ್ತಿದ್ದ ವ್ಯಾಪಾರಿ ಮೊದಲು ಬೆಲೆ ಏರಿಸಿದ, ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟ.

ಗೋಶಾಲೆ ಎಂದರೆ ದೊಡ್ಡದೇನಲ್ಲ. ಡೇರಿಗಳು ಬೇಡವೆಂದು ಬಿಟ್ಟ ಒಂದಷ್ಟು ಮುದಿ ಹಸುಗಳು, ಒಂದು ಶೆಡ್ಡು, ವಾರಾಂತ್ಯಕ್ಕೆ ಸೆಗಣಿ ಬಾಚಲು ಬರುವ ನಾವು. ಇಂಜಿನಿಯರುಗಳು, ಇಬ್ಬರು ಡಾಕ್ಟರುಗಳು. ಊರಿನಲ್ಲಿದ್ದಾಗ ಸೆಗಣಿ ಕಂಡರೆ ಮೂಗು ಮುಚ್ಚಿಕೊಳ್ಳುತ್ತಿದ್ದವರು ಇಲ್ಲಿ ಅದಕ್ಕೆ ಸೈನಪ್ ಮಾಡಿ ಸರದಿ ಕಾಯುತ್ತೇವೆ. ಇದೆಲ್ಲದರ ಯಜಮಾನಿಕೆ ಹಾಸನದ ಪದ್ಮಾ ಆಂಟಿಯದು. ಆಂಟಿ ಯಾರಿಗೂ ಕೆಲಸ ಹೇಳುವುದಿಲ್ಲ. "ನೀನು ಮಾಡ್ತೀಯಲ್ಲ" ಎನ್ನುತ್ತಾರೆ, ಅಷ್ಟೇ.

"ನಿಂಗೆ ಹುಲ್ಲಿನವ್ರು ಯಾರಾದ್ರೂ ಗೊತ್ತಿರ್ಬೇಕಲ್ಲ. ಅದೇ ಫೀಲ್ಡು ನಿಂದು. ಕೇಳ್ತೀಯಲ್ಲ" ಎಂದರು ನನಗೆ.

ಲಂಚಿನಲ್ಲಿ ಡೇಲ್ ಮುಂದೆ ಸುಮ್ಮನೆ ಗೋಳು ಹೇಳಿಕೊಂಡೆ. ಕೇಳಬೇಕೆಂದೇನೂ ಇರಲಿಲ್ಲ. ಅವನು ಕಾಫಿ ಕಪ್ಪನ್ನು ಮೇಜಿನ ಮೇಲೆ ಒಂದು ಸುತ್ತು ತಿರುಗಿಸಿದ. ಆಮೇಲೆ, ಮಾರ್ಜ್‌ಗೆ ಈ ಸಲ ಕುಯ್ಯಲು ಅನುಮತಿ ಸಿಕ್ಕಿದೆ, ಆಕೆಗೆ ಹಸುಗಳಿಲ್ಲ, ನಿಮ್ಮ ಹಸುಗಳಿಗೆ ಕೊಡಲು ಹೇಳುತ್ತೇನೆ ಎಂದ. ನನಗೆ ಖುಷಿಯಲ್ಲಿ ಕುಣಿಯುವಂತಾಯಿತು. ಅಲ್ಲಿಂದಲೇ ಪದ್ಮಾ ಆಂಟಿಗೆ ಮೆಸೇಜು ಮಾಡಿದೆ. ಅವರು ಕೈಮುಗಿದ ಎಮೋಜಿ ಸಾಲಾಗಿ ಕಳಿಸಿದರು.

ರಾತ್ರಿ ಊಟ ಮಾಡುತ್ತಾ ಮಹದೇವು ಕೇಳಿದ, "ಹುಲ್ಲು ಕುಯ್ದ್ರೆ ಅವ್ನ ಹಕ್ಕಿಗಳು ಎಲ್ಲೋಗ್ತವೆ?"

ಹೌದಲ್ಲ? ಮಾರನೇ ದಿನ ಡೇಲ್‌ನನ್ನು ಕೇಳಿದೆ. ಅವನು ಬಗ್ಗಿ ಹೇಝಲ್‌ಳ ಕಿವಿ ಸವರಿದ. ಹುಲ್ಲಿಲ್ಲದಿದ್ದರೆ ಹಕ್ಕಿಯಿಲ್ಲ ಎಂದ. ಮೇಲೆ ಗಿಡುಗ, ಕೆಳಗೆ ನರಿಯಂಥ ಕಯೋಟಿ, ಅಡಗಲು ಮರೆ ಬೇಕು. "ಅರ್ಧ ಉಳಿದರೆ ಸಾಕು. ಅರ್ಧದಲ್ಲಿ ಹೇಗೋ ಇರ್ತವೆ. ಹೇಝಲ್‌ಗೆ ಈ ನವೆಂಬರ್ ಒಂದು ಬೆಳಗ್ಗೆ ಸಿಕ್ಕರೆ ಸಾಕು ನನಗೆ."

ಅವಳ ಹಿಂಗಾಲಿನ ಕೀಲುಗಳು ಸವೆದಿವೆಯಂತೆ. ಇದೊಂದು ಸೀಸನ್ ಓಡಿಯಾಳು, ಮುಂದಿನದು ಅನುಮಾನ ಎಂದು ಡಾಕ್ಟರು ಹೇಳಿದ್ದಾರೆ. ಮರಿಯಾಗಿದ್ದಾಗಿನಿಂದ ಅವಳು ಬೇಟೆಯಾಡಿದ್ದು ಅದೊಂದೇ ಹುಲ್ಲಿನಲ್ಲಿ. ಇದನ್ನೆಲ್ಲ ಡೇಲ್ ಹವಾಮಾನದ ವಿಷಯ ಹೇಳುವಂತೆ ಹೇಳಿದ. ಆಮೇಲೆ ತನ್ನ ಸ್ಕ್ರೀನಿನ ಕಡೆ ತಿರುಗಿಕೊಂಡ.

ವಾರಾಂತ್ಯದಲ್ಲಿ ತಾನೇ ಹೋಗಿ ಹೊಲದ ನಡುವೆ ಉದ್ದಕ್ಕೂ ಗೂಟಗಳನ್ನು ನೆಟ್ಟು, ಪ್ರತಿ ಗೂಟದ ತುದಿಗೂ ಕೇಸರಿ ರಿಬ್ಬನ್ ಕಟ್ಟಿ ಬಂದ. ಆಳೆತ್ತರದ ಹುಲ್ಲಿನ ಮೇಲೂ ಕಾಣಲಿ ಎಂದು ಉದ್ದುದ್ದನೆಯ ಗೂಟಗಳು. ಈ ಕಡೆಯದು ನಿಮ್ಮ ಹಸುಗಳಿಗೆ, ಆ ಕಡೆಯದು ಹಕ್ಕಿಗಳಿಗೆ ಎಂದು ಫೋಟೋ ತೋರಿಸಿದ. ನಾನು ಅದನ್ನು ಪದ್ಮಾ ಆಂಟಿಗೆ ಕಳಿಸಿದೆ. ಅವರು ಮತ್ತೆ ಕೈ ಮುಗಿದರು.

ಈಗ ಆ ಆಗಸ್ಟಿನ ಶನಿವಾರ.

ನಾವು ಹೋಗುವಷ್ಟರಲ್ಲಿ ತಡವಾಗಿತ್ತು. ಎಷ್ಟು ವರ್ಷದಿಂದ ಹುಲ್ಲು ಮಾಡುತ್ತಿದ್ದೇನೆ ನಾನು! ಆದರೆ ಭುಜದವರೆಗೆ ಬರುವ ಹುಲ್ಲಿನೊಳಗೆ ನಿಂತದ್ದು ಅದೇ ಮೊದಲು. ಒಣಗಿದ ಹುಲ್ಲು, ಹಣ್ಣಾದ ಬಾಳೆಹಣ್ಣಿನ ಬಣ್ಣ. ಗಾಳಿ ಗುಡ್ಡದಿಂದ ಇಳಿದು ಬರುವುದು ಮೊದಲು ಕಾಣಿಸುತ್ತಿತ್ತು, ಆಮೇಲೆ ಕೇಳಿಸುತ್ತಿತ್ತು, ಕೊನೆಗೆ ಕೆನ್ನೆಗೆ ತಾಗುತ್ತಿತ್ತು. ದೂರದಲ್ಲಿ ಗಾಳಿಯಂತ್ರಗಳು ನಿದ್ದೆಯಲ್ಲಿ ಕೈ ತಿರುಗಿಸಿದಂತೆ ತಿರುಗುತ್ತಿದ್ದವು. ನನ್ನ ಹುಲ್ಲು ಎಲ್ಲವೂ ಒಟ್ಟಿಗೆ ಬಾಗುತ್ತದೆ. ಇಲ್ಲಿ ಒಂದು ದಂಟು ಬಾಗಿದರೆ ಪಕ್ಕದ್ದು ಯೋಚಿಸುತ್ತಿತ್ತು. ಕಣ್ಣು ಮುಚ್ಚಿ ನಿಂತೆ. ಎಲ್ಲಿದ್ದೇನೆ, ಯಾಕೆ ಬಂದಿದ್ದೇನೆ, ಸೋಮವಾರ ಯಾವ ಡೆಡ್‌ಲೈನು, ಎಲ್ಲ ಮರೆತು ಸುಖವಾಗಿತ್ತು.

"ಬರ್ತೀಯಲ್ಲ!" ಎಂದು ಪದ್ಮಾ ಆಂಟಿಯ ದನಿ ಕೇಳಿತು.

ಗೇಟಿನ ಬಳಿ ಒಂದು ಚಪ್ಪರ ಎದ್ದಿತ್ತು. ಎಂಥ ಚಪ್ಪರ! ಮೇಲೆ ನೀಲಿ ಟಾರ್ಪಾಲು, ಸುತ್ತ ಪ್ಲಾಸ್ಟಿಕ್ ಮಾವಿನೆಲೆಯ ತೋರಣ, ಕಂಬಗಳಿಗೆ ಅರಿಶಿನ ಕುಂಕುಮ, ತುದಿಯಲ್ಲಿ ಪಟಪಟ ಹಾರುವ ಕೇಸರಿ ರಿಬ್ಬನ್ನು. ನಮ್ಮವರು ಎಲ್ಲಿ ಏನು ಮಾಡಿದರೂ ಮೊದಲು ಒಂದು ಚಪ್ಪರ ಹಾಕದಿದ್ದರೆ ಕೆಲಸ ಶುರುವಾದಂತೆ ಅನ್ನಿಸುವುದಿಲ್ಲ. ಡೇಟಾ ಸೆಂಟರಿನಲ್ಲಿ ಕೆಲಸ ಮಾಡುವ ಪ್ರಭಾಕರ ಬೆವರೊರೆಸಿಕೊಳ್ಳುತ್ತಾ ನಿಂತಿದ್ದ. "ಹೆಂಗಿದೆ ಮೇಡಂ? ಜೀರೋ ಬಜೆಟ್ಟು. ಎಲ್ಲಾ ಇಲ್ಲೇ ಸಿಕ್ಕಿದ್ದು" ಎಂದ. ಚೆನ್ನಾಗಿದೆ ಎಂದೆ. ನಿಜವಾಗಿಯೂ ಚೆನ್ನಾಗಿತ್ತು.

ಕೂಲಿಗೆ ಕರೆಸಿದ್ದ ಟ್ರ್ಯಾಕ್ಟರಿನವನು ಕಿವಿಗೆ ದಪ್ಪನೆಯ ಮುಚ್ಚಳ ಸಿಕ್ಕಿಸಿಕೊಂಡು ಕಾಯುತ್ತಿದ್ದ. ಅವನ ಟ್ರ್ಯಾಕ್ಟರಿಗೆ ಪೂಜೆಯಾಯಿತು. ಒಣಹುಲ್ಲಿನಲ್ಲಿ ಕಿಡಿ ಬಿದ್ದರೆ ಗುಡ್ಡವೇ ಹೋದೀತು, ಬೆಂಕಿ ಬೇಡ ಎಂದು ಮಾರ್ಜ್ ಮೊದಲೇ ಹೇಳಿದ್ದರಿಂದ ಬ್ಯಾಟರಿ ದೀಪದಲ್ಲಿ ಮಂಗಳಾರತಿ. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟೆವು. ಅವನು ಗಾಬರಿಯಿಂದ ನೋಡಿ, ಅದರ ಮೇಲೆ ಹತ್ತಿಸಿ, ನಮ್ಮ ಚಪ್ಪಾಳೆ ಕೇಳಿ ಇನ್ನಷ್ಟು ಗಾಬರಿಯಾಗಿ ಹೊರಟ.

ಆಮೇಲೆ ಊಟ. ಬಿಸಿಬೇಳೆಬಾತು, ಮೊಸರನ್ನ, ಮಾವಿನಕಾಯಿ ಉಪ್ಪಿನಕಾಯಿ. ಟ್ರ್ಯಾಕ್ಟರು ಹೊಲದ ಅಂಚಿನಿಂದ ಸುತ್ತು ಹಾಕುತ್ತಿತ್ತು. ಸದ್ದು ಹತ್ತಿರ ಬರುವುದು, ದೂರ ಹೋಗುವುದು, ಮತ್ತೆ ಬರುವುದು. ಕುಯ್ದ ಹುಲ್ಲಿನ ವಾಸನೆ, ಹೊಟ್ಟೆಯಲ್ಲಿ ಮೊಸರನ್ನ, ಮೇಲೆ ನೀಲಿ ನೆರಳು. ಚಾಪೆಯ ಮೇಲೆ ಒರಗಿದವಳಿಗೆ ಜೊಂಪು ಹತ್ತಿತು. ನಾನು ಮಾಡಿದ ಹುಲ್ಲೆಲ್ಲ ಪರದೆಯಿಂದ ಇಳಿದು ಈ ಗುಡ್ಡದ ಮೇಲೆ ಹಬ್ಬಿದಂತೆ, ಅದರೊಳಗೆ ನಾನು ಈಜುತ್ತಿರುವಂತೆ ಕನಸು.

ಕಣ್ಣು ಬಿಟ್ಟಾಗ ಹೊಲ ಇರಲಿಲ್ಲ.

ಇದ್ದದ್ದು ಬೋಳು ನೆಲ, ಸಾಲು ಸಾಲಾಗಿ ಬಿದ್ದ ಹುಲ್ಲು. ಬಹಳ ದೂರದಲ್ಲಿ, ನಟ್ಟ ನಡುವೆ, ಒಂದು ಮನೆಯಂಗಳದಷ್ಟು ಹುಲ್ಲು ಮಾತ್ರ ನಿಂತಿತ್ತು. ಟ್ರ್ಯಾಕ್ಟರು ಅದರ ಸುತ್ತ ತಿರುಗುತ್ತಿತ್ತು. ನನ್ನ ಪಕ್ಕದಲ್ಲಿ ಮಹದೇವು ಎದ್ದು ನಿಂತಿದ್ದ. ಕೈಯಲ್ಲಿ ಎರಡನೇ ಸಲ ಹಾಕಿಸಿಕೊಂಡ ಮೊಸರನ್ನದ ತಟ್ಟೆ.

"ಗಾಳಿ ಇಲ್ಲ" ಎಂದ.

"ಏನು?"

"ಗಾಳಿ ನಿಂತದೆ ಕಣೇ. ಆ ಹುಲ್ಲು ನೋಡು, ಅಲ್ಲಾಡ್ತಾ ಅದೆ."

ನೋಡಿದೆ. ನಿಜ. ಎಲ್ಲೂ ಎಲೆ ಮಿಸುಕುತ್ತಿರಲಿಲ್ಲ. ಆ ಒಂದು ತುಂಡು ಹುಲ್ಲು ಮಾತ್ರ ಒಳಗಿನಿಂದ ನಡುಗುತ್ತಿತ್ತು.

ಮಹದೇವು ಓಡಿದ. ಸೋಫಾದಿಂದ ಏಳಲು ನಾನು ಮೂರು ಸಲ ಹೇಳಬೇಕಾದ ಮನುಷ್ಯ, ತಟ್ಟೆಯ ಸಮೇತ ಓಡಿದ. "ನಿಲ್ಸಪ್ಪೋ, ನಿಲ್ಸು! ಕುಂತವೆ! ಒಳಗೆಲ್ಲಾ ಹಕ್ಕಿ ಕುಂತವೆ!" ಅಚ್ಚ ಮಂಡ್ಯದ ಕನ್ನಡದಲ್ಲಿ, ಕಿವಿ ಮುಚ್ಚಿಕೊಂಡ ಅಮೆರಿಕದವನಿಗೆ. ಕೇಳುವುದು ಹೇಗೆ? ಕೊನೆಗೆ ಟ್ರ್ಯಾಕ್ಟರಿನ ಮುಂದೆಯೇ ಹೋಗಿ ಎರಡೂ ಕೈ ಅಗಲಿಸಿ ನಿಂತುಬಿಟ್ಟ. ಮೊಸರನ್ನ ಅಂಗಿಯ ಮೇಲೆಲ್ಲ.

ಟ್ರ್ಯಾಕ್ಟರು ನಿಂತಿತು. ಸದ್ದು ನಿಂತ ಮೇಲೆ ಒಳಗಿನಿಂದ ಗುಜುಗುಜು ಕೇಳಿಸಿತು. ಒಂದು ಹೆಣ್ಣು ಫೆಸೆಂಟ್ ಕತ್ತು ಹೊರಗೆ ಹಾಕಿ, ಬೋಳು ನೆಲ ನೋಡಿ, ಮತ್ತೆ ಒಳಗೆ ಹೋಯಿತು. ಅದರ ಹಿಂದೆ ಬಂದಿದ್ದ ಮರಿಗಳೂ ತಿರುಗಿದವು.

ನಾವೆಲ್ಲ ಓಡಿ ಬರುವಷ್ಟರಲ್ಲಿ ಟ್ರ್ಯಾಕ್ಟರಿನವನು ಕೆಳಗಿಳಿದಿದ್ದ. ಅವನಿಗೆ ಸಿಟ್ಟೇನೂ ಇರಲಿಲ್ಲ, ಗೊಂದಲವಿತ್ತು. "ಕೇಸರಿ ರಿಬ್ಬನ್ ಸಿಗುವ ತನಕ ಕುಯ್ಯಿ ಅಂದಿದ್ರು" ಎಂದ. "ಎಷ್ಟು ಹೋದರೂ ರಿಬ್ಬನ್ ಸಿಗಲೇ ಇಲ್ಲ."

ಎಲ್ಲರೂ ಒಟ್ಟಿಗೆ ಹಿಂತಿರುಗಿ ನೋಡಿದೆವು. ನಮ್ಮ ಚಪ್ಪರದ ಕಂಬಗಳ ತುದಿಯಲ್ಲಿ, ತೋರಣದ ಪಕ್ಕದಲ್ಲಿ, ಡೇಲ್ ಕಟ್ಟಿದ್ದ ರಿಬ್ಬನ್ನುಗಳು ಜೋತುಬಿದ್ದಿದ್ದವು. ಅರಿಶಿನ ಕುಂಕುಮ ಹಚ್ಚಿಸಿಕೊಂಡು.

"ಯಾರೋ ಡೆಕೊರೇಷನ್‌ಗೆ ಅಂತ ನೆಟ್ಟಿದ್ದಾರೆ ಅಂದ್ಕೊಂಡೆ" ಎಂದ ಪ್ರಭಾಕರ. ಅವನ ದನಿ ಸಣ್ಣಗಾಗಿತ್ತು. ಪಾಪ, ಅವನ ಮೇಲೆ ಸಿಟ್ಟು ಮಾಡುವುದು ಹೇಗೆ? ಬಿಸಿಲಿನಲ್ಲಿ ಎಲ್ಲರಿಗೂ ನೆರಳಾಗಲಿ ಎಂದು ದುಡಿದವನು. ಗೂಟಗಳ ಫೋಟೋ ಆಂಟಿಯ ಫೋನಿನಿಂದ ಮುಂದಕ್ಕೆ ಹೋಗಿರಲಿಲ್ಲ. ನಾನೂ ಅದೇ ಚಪ್ಪರದ ಕೆಳಗೆ ಮಲಗಿ ಕನಸು ಕಂಡಿದ್ದೆ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡುವುದು ಎಂದರೆ ಇದೇ ಇರಬೇಕು.

ಮಹದೇವು ಅಂಗಿ ಒರೆಸಿಕೊಳ್ಳುತ್ತಾ ನಿಧಾನವಾಗಿ ಹೇಳಿದ, "ರಾಗಿ ಕುಯ್ಲಲ್ಲೂ ಹಿಂಗೇಯ. ಸುತ್ತಿಂದ ಕುಯ್ಕಂಡ್ ಬಂದ್ರೆ ಗೌಜಲಕ್ಕಿಗಳು ಹಿಂದಿಂದಕ್ಕೆ ಸರೀತಾ ಸರೀತಾ ನಡುಮಧ್ಯಕ್ಕೆ ಸೇರ್ಕತ್ತವೆ. ಬಯಲಿಗೆ ಬರಕ್ಕೆ ಹೆದ್ರಿಕೆ ಅವ್ಕೆ."

ಸೋಮವಾರ ಆಫೀಸಿಗೆ ಹೋಗುವ ದಾರಿಯುದ್ದಕ್ಕೂ ಫ್ರೀವೇಯಲ್ಲಿ ಮಾತುಗಳನ್ನು ಜೋಡಿಸಿಕೊಂಡೆ. ಡೇಲ್ ಮುಂದೆ ಕೂತಾಗ ಒಂದೂ ನೆನಪಿಗೆ ಬರಲಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದೆ. ಅವನು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಕುರ್ಚಿಯಿಂದ ಇಳಿದು ನೆಲದ ಮೇಲೆ, ಹೇಝಲ್ ಪಕ್ಕದಲ್ಲಿ ಕೂತುಕೊಂಡ. "ಹಸುಗಳು ತಿಂತಾ ಇದಾವಾ?" ಎಂದು ಕೇಳಿದ.

ತಿನ್ನುತ್ತಿವೆ ಎಂದೆ. ಸುಳ್ಳು. ರುಚಿರುಚಿಯಾದ ಹಸಿರು ಮೇವು ತಿಂದು ಬೆಳೆದ ನಮ್ಮ ಗೋಮಾತೆಯರು ಆ ಒರಟು ಹುಲ್ಲನ್ನು ಮೂಸಿ ನೋಡಿ ಮುಖ ತಿರುಗಿಸಿದ್ದರು. (ಆಮೇಲೆ ತಿಂದವು. ಹಸಿವಿಗೆ ರುಚಿ ಬೇಡ. ಆ ಹುಲ್ಲಿನಿಂದಲೇ ಈಗಲೂ ಅವು ಬದುಕಿವೆ, ಅದನ್ನೂ ಹೇಳಬೇಕು.)

ಡೇಲ್‌ಗೆ ಎಲ್ಲರೂ ಸೇರಿ ಹೋಗಿ ಸಾರಿ ಹೇಳೋಣ ಎಂದು ಪದ್ಮಾ ಆಂಟಿಗೆ ಫೋನ್ ಮಾಡಿದೆ. ಆಂಟಿ ಮೊದಲ ಬಾರಿಗೆ ನನ್ನ ಮೇಲೆ ರೇಗಿದರು. "ಮಾರ್ಜ್‌ಗೆ ನಾನೇ ಹೋಗಿ ಹೇಳ್ಬಂದಿದೀನಿ, ಅದು ನ್ಯಾಯ. ಆದ್ರೆ ಅವ್ನಿಗ್ಯಾಕೆ? ಹಕ್ಕಿಗಳು ಇದ್ದಿದ್ರೆ ಅವ್ನು ಕೊಲ್ತಿದ್ದ ತಾನೆ? ಕೊಲ್ಲೋನಿಗೆ ಕೊಲ್ಲಕ್ಕಾಗ್ಲಿಲ್ಲ ಅಂತ ನಾವು ಸಾರಿ ಕೇಳ್ಬೇಕಾ?"

ಮಾತೇನೋ ಸರಿಯಾಗಿಯೇ ಇತ್ತು. ಆದರೂ ನನಗೆ ಸಮಾಧಾನವಾಗಲಿಲ್ಲ. ಕೊಲ್ಲುವವನು ಆ ಹುಲ್ಲನ್ನು ಇಷ್ಟು ವರ್ಷ ಕಾದಿದ್ದ. ಕೆಲವು ಹಕ್ಕಿ ಅವನ ತಟ್ಟೆಗೆ ಬಂದವು, ಲೆಕ್ಕವಿಲ್ಲದಷ್ಟು ಅಲ್ಲಿಯೇ ಮೊಟ್ಟೆಯಿಟ್ಟು ಮರಿ ಮಾಡಿದವು. ಅಹಿಂಸೆಯವರು ನಾವು ಒಂದೇ ಮಧ್ಯಾಹ್ನ, ಊಟ ಮಾಡಿ ಮಲಗಿ ಏಳುವಷ್ಟರಲ್ಲಿ, ಅವುಗಳ ಊರನ್ನೇ ಕುಯ್ದು ಕಟ್ಟು ಕಟ್ಟಿಸಿದೆವು. ಇದೆಲ್ಲವನ್ನೂ ಕೇಳಿದ ನನ್ನ ಮಗಳು ಫೋನಿನಿಂದ ತಲೆಯೆತ್ತಿ ಕೇಳಿದ್ದು ಒಂದೇ ಪ್ರಶ್ನೆ. "ಸೋ ಅಮ್ಮಾ, ಹೂ ಈಸ್ ದ ಬ್ಯಾಡ್ ಗೈ?"

ತಟ್ಟೆ ತೊಳಿ ಹೋಗು ಎಂದೆ.

ನವೆಂಬರ್ ಬಂತು. ಡೇಲ್ ಬೇಟೆಯ ಸುದ್ದಿಯೇ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಎತ್ತಿದವಳು ಹೇಝಲ್. ಚಳಿ ಶುರುವಾದದ್ದೇ ತಡ, ಅವಳು ಆಫೀಸಿನ ಬಾಗಿಲ ಬಳಿ ಹೋಗಿ ನಿಲ್ಲತೊಡಗಿದಳು. ಡೇಲ್ ಜಾಕೆಟು ಹಾಕಿಕೊಂಡರೆ ಸಾಕು, ಕುಂಟುತ್ತಲೇ ಕುಣಿಯುವಳು. ಕಳೆದ ವಾರ ಅವನು ನನ್ನ ಕಡೆ ನೋಡದೆ ಹೇಳಿದ, "ಶನಿವಾರ ಕರ್ಕೊಂಡು ಹೋಗ್ತೀನಿ. ನೀವಿಬ್ಬರೂ ಬರೋದಾದ್ರೆ ಬನ್ನಿ."

ಹೋದೆವು. ಆ ಬೆಳಗು ಹೇಗಿತ್ತೆಂದರೆ, ಸೇತುವೆ ದಾಟಿದ ಮೇಲೆ ಭೂಮಿಯೇ ಇರಲಿಲ್ಲ, ಬರೀ ಮಂಜು. ಗಾಳಿಯಂತ್ರಗಳ ಬುಡ ಕಾಣಿಸುತ್ತಿತ್ತು, ತಲೆ ಇರಲಿಲ್ಲ. ಹಿಂದಿನ ವಾರ ನಾಲ್ಕು ಹನಿ ಬಿದ್ದಿತ್ತಲ್ಲ, ಕುಯ್ದ ನೆಲದ ಮೇಲೆ ಹಸಿರಿನ ನವಿರು ಎದ್ದಿತ್ತು. ನಮ್ಮ ಉಸಿರು ನಮ್ಮ ಮುಂದೆ ನಡೆಯುತ್ತಿತ್ತು. ಡೇಲ್‌ನ ಬಂದೂಕು ಕಂಡರೆ ಹೆದರಿಕೆಯಾದೀತು ಎಂದುಕೊಂಡಿದ್ದೆ. ಆ ಮಂಜಿನಲ್ಲಿ ಅದು ಮುದುಕನ ಊರುಗೋಲಿನಂತೆ ಕಂಡಿತು.

ಹೇಝಲ್‌ಳನ್ನು ಬಿಟ್ಟ. ನಮ್ಮ ಮೇಜಿನ ಕೆಳಗೆ ನಿಟ್ಟುಸಿರು ಬಿಡುವ ಮುದುಕಿ ಎಲ್ಲಿ ಹೋದಳು? ಅವಳು ಮಂಜಿನೊಳಗೆ ಅತ್ತ ಇತ್ತ ಮೂಸುತ್ತಾ ಓಡಿದಳು. ಆದರೆ ಆ ಬೋಳು ನೆಲದಲ್ಲಿ ಮೂಸಲು ಏನಿದೆ? ನಿಂತು, ಡೇಲ್ ಕಡೆ ನೋಡಿ, ಮತ್ತೆ ಓಡಿದಳು. ತಾನು ಬೆಳೆದ ಜಾಗದಲ್ಲೇ ದಾರಿ ತಪ್ಪಿದವಳ ಹಾಗೆ. ನನಗೆ ನೋಡಲಾಗಲಿಲ್ಲ. ಮಹದೇವು ನನ್ನ ಕೈ ಹಿಡಿದುಕೊಂಡ. (ವಿಶೇಷ ಸಂಗತಿ, ದಾಖಲಿಸುತ್ತಿದ್ದೇನೆ.)

ಕೊನೆಗೆ ಆ ಉಳಿದ ತುಂಡು ಹುಲ್ಲು ಮಂಜಿನೊಳಗಿಂದ ಮೂಡಿತು. ಹೇಝಲ್ ಅದರ ಅಂಚಿಗೆ ಹೋದವಳು ಹಾಗೆಯೇ ನಿಂತಳು. ಮುಂಗಾಲು ಮೇಲೆ. ಮೂತಿ ಮುಂದೆ. ಸವೆದ ಹಿಂಗಾಲುಗಳು ಗಡಗಡ ನಡುಗುತ್ತಿದ್ದವು, ಆದರೆ ಅವಳು ಕದಲಲಿಲ್ಲ. ಅಷ್ಟು ಚೆಂದದ ನಿಲುವನ್ನು ನಾನು ಕಂಡಿಲ್ಲ. ಕಂಪ್ಯೂಟರಿನಲ್ಲಿ ಮಾಡಲು ಯಾರಿಂದಲೂ ಆಗುವುದಿಲ್ಲ.

ಡೇಲ್ ಹುಲ್ಲಿನೊಳಗೆ ಕಾಲಿಟ್ಟ.

ಎದ್ದವು! ಒಂದಲ್ಲ, ಎರಡಲ್ಲ, ಇಡೀ ಹೊಲದ ಹಕ್ಕಿಗಳು. ರೆಕ್ಕೆಯ ಸದ್ದಿಗೆ ನನ್ನ ಎದೆ ಅದುರಿತು. ತಾಮ್ರದ ಮೈಗಳು ಮಂಜನ್ನು ಹರಿದುಕೊಂಡು ಮೇಲೇರಿದವು. ಒಂದು ದೊಡ್ಡ ಹುಂಜ ಡೇಲ್‌ನ ತಲೆಯ ಮೇಲೆಯೇ, ಕೈಗೆ ಸಿಗುವಷ್ಟು ಹತ್ತಿರದಲ್ಲಿ. ಬಂದೂಕು ಅವನ ಭುಜಕ್ಕೆ ಏರಿತು.

ನಿಮಗೆ ಹೇಳುತ್ತೇನೆ, ಆ ಕ್ಷಣ ನಾನು ಏನು ಬೇಡಿಕೊಂಡೆ ಗೊತ್ತೆ? ಹೊಡಿ ಡೇಲ್, ಒಂದು ಹೊಡಿ ಎಂದು. ಇರುವೆ ತುಳಿದರೆ ಅಯ್ಯೋ ಎನ್ನುವವಳು, ಗುಂಡಿನ ಸದ್ದಿಗಾಗಿ ಉಸಿರು ಹಿಡಿದು ಕಾದೆ.

ಸದ್ದು ಬರಲಿಲ್ಲ. ಹಕ್ಕಿಗಳು ಮಂಜಿನೊಳಗೆ ಕರಗಿದವು. ಡೇಲ್ ಬಂದೂಕು ಇಳಿಸಿದ.

"ಯಾಕೆ?" ಎಂದೆ.

"ಹೀಗಲ್ಲ" ಎಂದ ಅವನು. ಅಷ್ಟೇ.

ಮಹದೇವು ಮೆಲ್ಲಗೆ ಹೇಳಿದ, "ಬೇರೆ ಎಲ್ಲೂ ಜಾಗ ಇಲ್ದೆ ಕುಂತಿದ್ವು ಕಣೇ. ರಾಗಿ ಹೊಲದ ಕೊನೇ ಪಟ್ಟೇಲಿ ನಾವು ಬಲೆ ಹಾಕ್ತಿದ್ವಲ್ಲ, ಅದೂ ಹಿಂಗೇಯ. ಅದು ಬ್ಯಾಟೆ ಅಲ್ಲ. ಬಾಚ್ಕಳದು."

ಡೇಲ್‌ಗೆ ಕನ್ನಡ ಬಾರದು. ಆದರೂ ತಲೆಯಾಡಿಸಿದ. ಅವರಿಬ್ಬರಿಗೂ ಅರ್ಥವಾಗಿತ್ತು. ನನಗೂ ಆಯಿತು.

ಅರ್ಥವಾಗದೇ ಉಳಿದವಳು ಒಬ್ಬಳೇ. ಹೇಝಲ್ ಇನ್ನೂ ಹುಲ್ಲಿನಲ್ಲಿದ್ದಳು. ಹಕ್ಕಿ ಎದ್ದ ಮೇಲೆ ಹಕ್ಕಿ ಬೀಳುತ್ತದೆ, ಬಿದ್ದದ್ದನ್ನು ಹುಡುಕಿ ತರಬೇಕು: ಅವಳು ಕಲಿತ ಬದುಕು ಅಷ್ಟು. ಕುಂಟುತ್ತಾ ಆ ತುಂಡಿನ ಒಂದೊಂದು ಮೂಲೆಗೂ ಹೋದಳು, ಬಂದು ಡೇಲ್‌ನ ಖಾಲಿ ಕೈ ನೋಡಿದಳು, ಮತ್ತೆ ಹೋದಳು. ಡೇಲ್ ಹೆಸರು ಹಿಡಿದು ಕರೆದ. ಬರಲಿಲ್ಲ. ಮತ್ತೆ ಕರೆದ. ಕೊನೆಗೆ ಬಂದಾಗ ತಲೆ ತಗ್ಗಿಸಿ, ಬಾಲ ಕೆಳಗಿಟ್ಟುಕೊಂಡು, ಖಾಲಿ ಬಾಯಲ್ಲಿ ಅವನ ಮುಂದೆ ಕೂತಳು.

ತಪ್ಪು ನಿನ್ನದಲ್ಲ ಮಗಳೇ ಎಂದು ಅವಳಿಗೆ ಯಾರು, ಯಾವ ಭಾಷೆಯಲ್ಲಿ ಹೇಳುವುದು?